ಬಾಟಲಿಯೊಳಗಿನ ಮೀನು ಏನು ಹೇಳುತ್ತದೆ?



ಮೀನಿನ ಬಗ್ಗೆ ನಮ್ಮ ಶೆಟಗೇರಿಯ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬುಟ್ಟಿ ಇಳಿಸಿದ ಕೂಡಲೇ ಇದು ಬಂಗಡೆ, ಇದು ತಾರ್ಲೆ, ಇದು ಶೆಟ್ಲಿ ಎಂದು ಹೇಳುತ್ತೇವೆ. ಕಿವಿರು ಎತ್ತಿ ನೋಡಿ ತಾಜಾ ಹೌದೋ ಅಲ್ಲವೋ ತಿಳಿಯುತ್ತೇವೆ. ಯಾವ ತಿಂಗಳಲ್ಲಿ ಯಾವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರ್ತದೆ ಎಂಬುದೂ ಗೊತ್ತು. ಮೀನು ಕೊಯ್ದ ಕೈಗೆ ಇದೆಲ್ಲ ತಿಳಿದೇ ಇರುತ್ತದೆ.

ಇದನ್ನೇ ಬರೆದು, ಅಳೆದು, ಜೋಪಾನ ಮಾಡಿ ಇಡುವ ಜಾಗವೊಂದು ನಮಗೆ ಹತ್ತಿರದಲ್ಲಿದೆ. ಅಂಕೋಲೆಯಿಂದ ಬಸ್ಸು ಹತ್ತಿದರೆ ಕಾರವಾರ. ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಕಡೆ ಕೋಡಿಬಾಗ. ಅಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. 1970ರ ದಶಕದಿಂದ ಅಲ್ಲಿ ಕಡಲಿನ ಜೀವಿಗಳ ಬಗ್ಗೆ ಓದು, ಸಂಶೋಧನೆ ನಡೆದಿದೆ. ಅಲ್ಲೊಂದು ಸಂಗ್ರಹಾಲಯವೂ ಇದೆ.

ಸಂಗ್ರಹಾಲಯ ಎಂದರೇನು?

ಸಂಗ್ರಹ ಎಂದರೆ ಕೂಡಿಡುವುದು. ಆಲಯ ಎಂದರೆ ಮನೆ. ಕೂಡಿಟ್ಟ ವಸ್ತುಗಳ ಮನೆಯೇ ಸಂಗ್ರಹಾಲಯ. ಮ್ಯೂಸಿಯಂ ಅಂತಲೂ ಕರೀತಾರೆ. ಪ್ರಾಣಿಗಳ ಸಂಗ್ರಹಾಲಯದಲ್ಲಿ ಮೀನು, ಏಡಿ, ಚಿಪ್ಪು, ಎಲುಬು ಮುಂತಾದವನ್ನು ಕೂಡಿಡುತ್ತಾರೆ. ನೋಡಲು ಬಂದವರಿಗೆ ಅದು ಪ್ರದರ್ಶನ. ಓದುವವರಿಗೆ ಅದು ಪುಸ್ತಕ ಇದ್ದ ಹಾಗೆ.

ಮೀನು ಕೆಡದಂತೆ ಇಡುವುದು ಹೇಗೆ?

ನಾವು ಮಳೆಗಾಲಕ್ಕೆಂದು ಮೀನಿಗೆ ಉಪ್ಪು ಹಾಕಿ ಒಣಗಿಸುತ್ತೇವೆ. ನೀರಿನ ಅಂಶ ಹೋದರೆ ಮೀನು ಬೇಗ ಕೊಳೆಯುವುದಿಲ್ಲ. ಆದರೆ ಒಣಗಿದ ಮೀನಿನ ಆಕಾರ ಉಳಿಯುವುದಿಲ್ಲ. ಸಂಗ್ರಹಾಲಯದವರಿಗೆ ಆಕಾರ ಬೇಕು. ಅದಕ್ಕೆ ಅವರು ಫಾರ್ಮಲಿನ್ ಎಂಬ ಔಷಧ ಬಳಸುತ್ತಾರೆ. ಒಂದು ಪಾಲು ಫಾರ್ಮಲಿನ್, ಒಂಬತ್ತು ಪಾಲು ನೀರು. ಇದರಲ್ಲಿ ಮುಳುಗಿಸಿದರೆ ಮೀನಿನ ಮಾಂಸ ಗಟ್ಟಿಯಾಗುತ್ತದೆ, ಕೊಳೆಯುವುದಿಲ್ಲ. ಆಮೇಲೆ ತೊಳೆದು ಸ್ಪಿರಿಟ್ಟಿನ ಬಾಟಲಿಯಲ್ಲಿ ಇಡುವುದೂ ಉಂಟು. ಹೀಗೆ ಇಟ್ಟ ಮೀನು ನೂರು ವರ್ಷವಾದರೂ ಉಳಿಯಬಲ್ಲದು. ಬಣ್ಣ ಮಾತ್ರ ಮಾಸುತ್ತದೆ. ಅದಕ್ಕಾಗಿ ಮೀನು ತಾಜಾ ಇರುವಾಗಲೇ ಬಣ್ಣವನ್ನು ಬರೆದಿಡುತ್ತಾರೆ.

ಒಂದು ಎಚ್ಚರಿಕೆ. ಫಾರ್ಮಲಿನ್ ವಿಷ. ತಿನ್ನುವ ಮೀನಿಗೆ ಅದನ್ನು ಹಾಕಲೇಬಾರದು. 2018ರಲ್ಲಿ ಗೋವಾದಲ್ಲಿ ಮಾರಾಟದ ಮೀನಿಗೆ ಫಾರ್ಮಲಿನ್ ಹಾಕಿದ್ದಾರೆ ಎಂದು ದೊಡ್ಡ ಗಲಾಟೆಯೇ ಆಯಿತು.

ಚೀಟಿ ಇಲ್ಲದ ಮೀನು

ಬಾಟಲಿಯಲ್ಲಿ ಮೀನಿನ ಜೊತೆಗೆ ಒಂದು ಚೀಟಿ ಇರುತ್ತದೆ. ಅದರಲ್ಲಿ ಮೀನಿನ ಹೆಸರು, ಸಿಕ್ಕ ಜಾಗ, ಸಿಕ್ಕ ತಾರೀಕು, ತಂದವರ ಹೆಸರು ಇರುತ್ತದೆ. ಚೀಟಿಗೆ ಒಂದು ನಂಬರು. ಅದೇ ನಂಬರು ದೊಡ್ಡ ರಿಜಿಸ್ಟರಿನಲ್ಲೂ ಇರುತ್ತದೆ.

ಚೀಟಿ ಕಳೆದುಹೋದರೆ? ಆ ಮೀನು ಎಲ್ಲಿಯದು, ಯಾವ ಕಾಲದ್ದು ಎಂದು ಹೇಳಲು ಬರುವುದಿಲ್ಲ. ಮೀನು ಉಳಿದರೂ ಸುದ್ದಿ ಸತ್ತ ಹಾಗೆ.

ಚೀಟಿಯನ್ನು ಮಾಮೂಲಿ ಶಾಯಿಯಲ್ಲಿ ಬರೆದರೆ ಸ್ಪಿರಿಟ್ಟಿನಲ್ಲಿ ಕರಗಿ ಹೋಗುತ್ತದೆ. ಪೆನ್ಸಿಲ್ಲಿನಲ್ಲಿ ಬರೆದರೆ ಉಳಿಯುತ್ತದೆ. ನಾವು ಅ, ಆ ತಿದ್ದಿದ್ದೂ ಪೆನ್ಸಿಲ್ಲಿನಿಂದಲೇ ಅಲ್ಲವೇ?

ಒಂದು ಮೀನಿಗೆ ಎಷ್ಟು ಹೆಸರು!

ನಮ್ಮ ಬಂಗಡೆಗೆ ಕೊಂಕಣಿಯಲ್ಲಿ ಬಾಂಗ್ಡೊ, ಕೇರಳದಲ್ಲಿ ಅಯಲ ಅನ್ನುತ್ತಾರೆ. ಹೀಗಾದರೆ ಗೊಂದಲ ತಪ್ಪಿದ್ದಲ್ಲ. ಅದಕ್ಕೆ ವಿಜ್ಞಾನಿಗಳು ಇಡೀ ಲೋಕಕ್ಕೆ ಒಂದೇ ಹೆಸರು ಇಡುತ್ತಾರೆ. ಬಂಗಡೆಯ ಹೆಸರು ರಾಸ್ಟ್ರೆಲ್ಲಿಜರ್ ಕನಗುರ್ತ.

ಈ 'ಕನಗುರ್ತ' ಎಲ್ಲಿಂದ ಬಂತು ಗೊತ್ತೇ? ಅದು ತೆಲುಗು ಮಾತು. ಪ್ಯಾಟ್ರಿಕ್ ರಸೆಲ್ ಎಂಬ ಡಾಕ್ಟರು ವಿಶಾಖಪಟ್ಟಣದ ಮೀನುಗಳ ಚಿತ್ರ ಬರೆಸಿ, ಅಲ್ಲಿನ ಜನರು ಹೇಳುವ ಹೆಸರುಗಳನ್ನು ಗುರುತು ಹಾಕಿದರು. 1803ರಲ್ಲಿ ಅದು ಪುಸ್ತಕವಾಯಿತು. 1816ರಲ್ಲಿ ಫ್ರಾನ್ಸ್ ದೇಶದ ಕುವಿಯೆ ಎಂಬ ವಿಜ್ಞಾನಿ ಅದೇ ಮಾತನ್ನು ವಿಜ್ಞಾನದ ಹೆಸರಿನಲ್ಲಿ ಸೇರಿಸಿದರು. ಕಡಲ ತೀರದ ಜನರ ಬಾಯಿಮಾತು ಬರಹಕ್ಕೆ ಬಂತು. ಆದ್ದರಿಂದ ಇಡೀ ಜಗತ್ತಿಗೆ ತಲುಪಿತು.

ಸಂಶೋಧನೆ ಎಂದರೆ ಏನು ಮಾಡ್ತಾರೆ?

ಕೆಲವು ಮೀನಿನ ತಲೆ ತಿನ್ನುವಾಗ ಹಲ್ಲಿಗೆ ಬಿಳಿ ಕಲ್ಲು ಸಿಗುತ್ತದಲ್ಲ? ಅದು ಮೀನಿನ ಕಿವಿಯ ಕಲ್ಲು. ಮರದ ಕಾಂಡದಲ್ಲಿ ಬಳೆ ಬಳೆ ಗೆರೆ ಇರುವ ಹಾಗೆ ಅದರಲ್ಲೂ ಗೆರೆ ಇರುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ. ಹೊಟ್ಟೆ ಕೊಯ್ದು ಅದು ಏನು ತಿಂದಿತ್ತು ಎಂದು ನೋಡುತ್ತಾರೆ. ಪ್ರತಿ ತಿಂಗಳೂ ಮೀನು ತಂದು ಮೊಟ್ಟೆ ಬಲಿತಿದೆಯೇ ಎಂದು ಬರೆದುಕೊಳ್ಳುತ್ತಾರೆ.

ಇದರಿಂದ ಏನು ಲಾಭ? ಮಳೆಗಾಲದಲ್ಲಿ ಬಹಳ ಮೀನುಗಳು ಮೊಟ್ಟೆ ಇಡುತ್ತವೆ ಎಂದು ಇಂಥ ಲೆಕ್ಕದಿಂದ ಖಚಿತವಾಯಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಇರುತ್ತದೆ. ತಾಯಿ ಮೀನು ಉಳಿದರೆ ಮರಿ ಮೀನು. ಮರಿ ಬೆಳೆದರೆ ನಮ್ಮ ಬುಟ್ಟಿಗೆ ಮೀನು.

ನಮಗೇನು ಸಂಬಂಧ?

"ಮೊದಲು ನಮ್ಮ ಹೊಳೆಯಲ್ಲಿ ಬಳಚು ಬೇಕಾದಷ್ಟಿತ್ತು, ದೊಡ್ಡದೂ ಇತ್ತು" ಎಂದು ವಯಸ್ಸಾದವರು ಹೇಳುತ್ತಾರೆ. ಹೊಳೆಯ ಮರಳು ತೆಗೆಯುವಾಗ, ದಂಡೆಯಲ್ಲಿ ದೊಡ್ಡ ಕಾಮಗಾರಿ ಬರುವಾಗ ನಾವೂ ಇದೇ ಮಾತು ಹೇಳುತ್ತೇವೆ. "ದಾಖಲೆ ಎಲ್ಲಿದೆ?" ಎಂದು ಸಾಹೇಬರು ಕೇಳುತ್ತಾರೆ. ಆಗ ಬಾಯಿಮಾತು ಸಾಲುವುದಿಲ್ಲ.

ನಲವತ್ತು ವರ್ಷದ ಹಿಂದಿನ ಬಳಚಿನ ಚಿಪ್ಪುಗಳು, ಅವುಗಳ ಚೀಟಿಯಲ್ಲಿ ನಮ್ಮ ಹೊಳೆಯ ಹೆಸರು ಇದ್ದರೆ, ಅದು ದಾಖಲೆ. ಆಗಿನ ಚಿಪ್ಪು, ಈಗಿನ ಚಿಪ್ಪು ಎರಡನ್ನೂ ಅಳೆದು ನೋಡಬಹುದು. ರಿಜಿಸ್ಟರಿನಲ್ಲಿ ಎಷ್ಟು ಸಿಕ್ಕಿತ್ತು ಎಂದು ಬರೆದಿದ್ದರೆ ಹೋಲಿಸಬಹುದು. ಹೇಳಿದ ಮಾತಿಗೆ ಆಗ ಬಲ ಬರುತ್ತದೆ.

ನಮ್ಮ ಅಜ್ಜಿಯರಿಗೆ ಹೊಳೆ, ಕಡಲು ಎರಡರ ಲೆಕ್ಕವೂ ಗೊತ್ತಿತ್ತು. ಬರೆದಿಡುವವರು ಇರಲಿಲ್ಲ. ಅವರ ಜೊತೆಗೇ ಆ ಲೆಕ್ಕವೂ ಹೋಯಿತು. ಈಗ ನಮ್ಮ ಕೈಯಲ್ಲಿ ಪೆನ್ಸಿಲ್ ಇದೆ. ನಮಗೆ ಗೊತ್ತಿದ್ದದ್ದು ಹಾಗೆ ಹೋಗಬೇಕಾಗಿಲ್ಲ.

ಮಾಡಿ ನೋಡೋಣ

ಖಾಲಿ ಚಿಪ್ಪು ಒಂದನ್ನು ತನ್ನಿ. ತೊಳೆದು ಒಣಗಿಸಿ. ಜೀವ ಇದ್ದದ್ದನ್ನು ಇದಕ್ಕಾಗಿ ಕೊಲ್ಲುವುದು ಬೇಡ. ಒಂದು ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ:

ನಾವು ಕರೆಯುವ ಹೆಸರು: ..............
ಸಿಕ್ಕ ಜಾಗ: ..............
ತಾರೀಕು: ..............
ತಂದವರ ಹೆಸರು: ..............

ಕೊನೆಯ ಸಾಲಿನಲ್ಲಿ ನಿಮ್ಮ ಹೆಸರನ್ನು ಪೂರ್ತಿ ಬರೆಯಿರಿ.

ಉತ್ತರ ಹೇಳೋಣ

1. ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಏಕೆ ಬರೆಯುತ್ತಾರೆ?
2. ಮೀನಿನ ವಯಸ್ಸನ್ನು ಹೇಗೆ ತಿಳಿಯುತ್ತಾರೆ?
3. ನಿಮ್ಮ ಅಜ್ಜಿ ಹೇಳುತ್ತಿದ್ದ, ಈಗ ಕಾಣದ ಮೀನು ಯಾವುದಾದರೂ ಇದೆಯೇ? ಅದರ ಹೆಸರು ಬರೆಯಿರಿ.