ಆಂಜೈನಾ: ಗಂಟಲಿನಿಂದ ಎದೆಗೆ ಇಳಿದ ಒಂದು ಪದ

ಈ ವಾರ ಮಾತ್ರೆ, ಪಥ್ಯ, ಕೊಲೆಸ್ಟ್ರಾಲ್ ಬದಿಗಿಟ್ಟು ಒಂದು ಪದದ ಕತೆ ಹೇಳುತ್ತೇನೆ. ಕತೆ ಯುರೋಪಿನದು, ಆದರೆ ನಿಮ್ಮ ಮನೆಗೂ ಬೇಕಾದದ್ದು.

ನಮ್ಮವರ ಎಷ್ಟೋ ಮಕ್ಕಳು ಈಗ ಜರ್ಮನಿ, ರಷ್ಯಾ, ಪೋಲೆಂಡ್ ಕಡೆ ಓದುತ್ತಿದ್ದಾರೆ. ಅಲ್ಲಿಂದ ಮಗಳು ಫೋನ್ ಮಾಡಿ, "ಅಮ್ಮಾ, ಜ್ವರ ಇತ್ತು, ಡಾಕ್ಟರ್ ಹತ್ರ ಹೋಗಿದ್ದೆ, ಆಂಗಿನಾ ಅಂದ್ರು" ಎಂದಳು ಅಂತಿಟ್ಟುಕೊಳ್ಳಿ. ಇಲ್ಲಿ ಅಮ್ಮ ಗೂಗಲ್‌ನಲ್ಲಿ ಹುಡುಕುತ್ತಾರೆ. ಹೃದಯದ ರಕ್ತನಾಳ, ಬ್ಲಾಕ್, ಸ್ಟೆಂಟ್ ಎಂದೆಲ್ಲ ಬರುತ್ತದೆ. ಇಪ್ಪತ್ತೆರಡರ ಹುಡುಗಿಗೆ ಹೃದ್ರೋಗವೇ ಎಂದು ಮನೆಯಲ್ಲಿ ಅಳು ಶುರು.

ಹೆದರಬೇಡಿ. ಆ ಹುಡುಗಿಗೆ ಆಗಿರುವುದು ಟಾನ್ಸಿಲ್ ಊತ. ಜರ್ಮನ್, ರಷ್ಯನ್, ಪೋಲಿಷ್, ಜೆಕ್ ಭಾಷೆಗಳಲ್ಲಿ ಬರೀ ಆಂಗಿನಾ ಎಂದರೆ ಗಂಟಲು ಬೇನೆ. ಫ್ರೆಂಚರ "ಆಂಜಿನ್" ಕೂಡ ಗಂಟಲಿನದೇ. ಸ್ಪೇನಿನಲ್ಲಂತೂ ಜನ ಟಾನ್ಸಿಲ್ ಗಡ್ಡೆಗಳನ್ನೇ "ಆಂಗಿನಾಸ್" ಎಂದು ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ, ಆದ್ದರಿಂದ ಇಂಗ್ಲಿಷಿನಲ್ಲಿ ವೈದ್ಯಕೀಯ ಓದಿದ ನಮ್ಮಲ್ಲಿಯೂ, ಆಂಜೈನಾ ಎಂದರೆ ಹೃದಯ.

ಒಂದೇ ಪದ ಹೀಗೆ ಎರಡು ಕಡೆ ಹೋದದ್ದು ಹೇಗೆ? ರೋಮನ್ನರ ಲ್ಯಾಟಿನ್ ಭಾಷೆಯಲ್ಲಿ ಆಂಗಿನಾ ಎಂದರೆ ಗಂಟಲು ಊದಿ ಉಸಿರು ಕಟ್ಟಿಸುವ ರೋಗ. ಅದರ ಹಿಂದೆ ಕತ್ತು ಹಿಸುಕುವುದು, ನೇಣು ಎಂಬ ಅರ್ಥದ ಗ್ರೀಕ್ ಪದವಿದೆ. ಲ್ಯಾಟಿನ್‌ನಲ್ಲೇ ಹಿಸುಕು, ಬಿಗಿ ಎನ್ನುವ ಕ್ರಿಯಾಪದದ ನೆರಳೂ ಅದರ ಮೇಲೆ ಬಿದ್ದಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ನಾಟಕಕಾರ ಪ್ಲಾಟಸ್‌ನ "ಟ್ರಿನಮ್ಮಸ್" ನಾಟಕದಲ್ಲಿ ಹಂದಿಗಳು ಆಂಗಿನಾ ಬಂದು ಸಾಯುವ ಮಾತು ಬರುತ್ತದೆ. ಕ್ರಿಸ್ತಶಕ ಒಂದನೇ ಶತಮಾನದ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಇದನ್ನು ಗಂಟಲಿನ ರೋಗವೆಂದೇ ಬರೆದ. ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಅದು ಜೀವ ತೆಗೆಯುವ ರೋಗವೇ ಆಗಿತ್ತು.

ಎದೆಗೆ ಇಳಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್. 1768ರಲ್ಲಿ ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಎದೆಯ ಒಂದು ತೊಂದರೆಯ ಬಗ್ಗೆ ಉಪನ್ಯಾಸ ಕೊಟ್ಟರು. ಅದು 1772ರಲ್ಲಿ ಅಚ್ಚಾಯಿತು. ಅವರು ವಿವರಿಸಿದ್ದು ಇಷ್ಟು: ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟವಾದ ಕೂಡಲೇ ನಡೆದರೆ ಇನ್ನೂ ಬೇಗ, ಎದೆಯಲ್ಲಿ ತಡೆಯಲಾರದ ಸಂಕಟ ಬರುತ್ತದೆ. ನಿಂತುಬಿಟ್ಟರೆ ಹೋಗುತ್ತದೆ. ಕೆಲವರಿಗೆ ಎಡಗೈಗೂ ಇಳಿಯುತ್ತದೆ. ಇಸಿಜಿ ಇಲ್ಲ, ಎಕ್ಸ್‌ರೇ ಇಲ್ಲ, ಬರೀ ರೋಗಿಯ ಮಾತು ಕೇಳಿ ಬರೆದದ್ದು. ಇವತ್ತಿಗೂ ನನ್ನ ಕಿರಿಯ ವೈದ್ಯರಿಗೆ ಆಂಜೈನಾ ಪಾಠ ಮಾಡುವಾಗ ಇದಕ್ಕಿಂತ ಹೆಚ್ಚು ಹೇಳುವುದು ಕಡಿಮೆ.

ಹೆಸರಿಡುವಾಗ ಹೆಬರ್ಡನ್ ಲ್ಯಾಟಿನ್‌ನಲ್ಲಿ ನೋವು ಎನ್ನಲು ಇದ್ದ "ಡೋಲರ್" ಎಂಬ ಪದವನ್ನು ಮುಟ್ಟಲಿಲ್ಲ. ಗಂಟಲಿನ ರೋಗದ ಹೆಸರನ್ನು ಎರವಲು ತಂದು "ಆಂಜೈನಾ ಪೆಕ್ಟೊರಿಸ್" ಎಂದರು: ಎದೆಯ ಹಿಸುಕು. ಕಾರಣವನ್ನೂ ಹೇಳಿದರು: ತೊಂದರೆ ಇರುವ ಜಾಗ, ಹಿಸುಕಿದಂಥ ಅನುಭವ ಮತ್ತು ಅದರ ಜೊತೆ ಬರುವ ಭಯ. ಇದು ಹೃದಯದ ರಕ್ತನಾಳದ ಕಾಯಿಲೆ ಎಂದು ಅವರಿಗೆ ತಿಳಿದಿರಲಿಲ್ಲ. ಆ ಸುಳಿವು ಹಿಡಿದವರಲ್ಲಿ ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್ ಒಬ್ಬರು.

ಮುಂದೆ ಇಂಗ್ಲಿಷರು ಮಾತಿನ ಅವಸರಕ್ಕೆ ಪೆಕ್ಟೊರಿಸ್ ಬಾಲವನ್ನು ಕತ್ತರಿಸಿದರು. ಬರೀ ಆಂಜೈನಾ ಹೃದಯದ್ದಾಯಿತು. ಜರ್ಮನರು, ಫ್ರೆಂಚರು ಬಾಲ ಉಳಿಸಿಕೊಂಡರು. ಬರೀ ಪದ ಗಂಟಲಿಗೆ, ಬಾಲವಿದ್ದರೆ ಎದೆಗೆ. ರಷ್ಯನ್ನರು ಎದೆಯದಕ್ಕೆ "ಸ್ಟೆನೊಕಾರ್ಡಿಯಾ" ಎಂಬ ಬೇರೆಯೇ ಪದ ಬಳಸಿಕೊಂಡು ಗೊಂದಲವನ್ನೇ ತಪ್ಪಿಸಿಕೊಂಡರು. ಜಾಣರು. ನಮ್ಮ ಆಸ್ಪತ್ರೆಗಳಲ್ಲಿಯೂ ಹಳೆಯ ಅರ್ಥದ ಒಂದು ತುಣುಕು ಉಳಿದಿದೆ: ಡಿಸ್ಚಾರ್ಜ್ ಕಾಗದದಲ್ಲಿ "ಲುಡ್ವಿಗ್ಸ್ ಆಂಜೈನಾ" ಎಂದಿದ್ದರೆ ಅದು ಹೃದಯದ್ದಲ್ಲ. ಸಾಮಾನ್ಯವಾಗಿ ಹುಳುಕು ಹಲ್ಲಿನಿಂದ ಸೋಂಕು ಹಬ್ಬಿ ನಾಲಿಗೆಯ ಕೆಳಗೆ, ದವಡೆಯ ಅಡಿಗೆ ಬರುವ ಊತ. ಅದೂ ಉಸಿರು ಕಟ್ಟಿಸಬಲ್ಲದು, ಹಾಗಾಗಿ ಹಗುರವಾಗಿ ನೋಡಬೇಡಿ.

ಇದೇ ಮೂಲದಿಂದ ಇಂಗ್ಲಿಷಿನ ಆಂಗ್ಸೈಟಿ, ಆಂಗ್ವಿಶ್ ಬಂದಿವೆ. ಜರ್ಮನರ ಆಂಗ್ಸ್ಟ್ ದಾಯಾದಿ. ಸಂಕಟ, ಇಕ್ಕಟ್ಟು ಎಂಬ ಅರ್ಥದ ಸಂಸ್ಕೃತದ "ಅಂಹಸ್" ಕೂಡ ಅದೇ ಬಳಗದ್ದು. ಎದೆ ಬಿಗಿಯುವುದೂ ಭಯವೂ ಒಂದೇ ಬೇರಿನ ಮಾತುಗಳು. ಆದ್ದರಿಂದಲೇ ಒಂದು ಎಚ್ಚರಿಕೆ: "ಟೆನ್ಷನ್ ಇರಬೇಕು" ಎಂದು ನೀವೇ ತೀರ್ಮಾನಿಸಬೇಡಿ. ಹೃದಯದ ಹಿಸುಕಿನಲ್ಲೂ ಭಯ ಬರುತ್ತದೆ.

ಈಗ ನಮ್ಮ ವಿಷಯ. ಕನ್ನಡದ ಪುಸ್ತಕಗಳಲ್ಲಿ ಆಂಜೈನಾಕ್ಕೆ "ಹೃದಯಶೂಲೆ" ಎಂದಿದೆ. ನನಗೆ ಈ ಪದ ಒಪ್ಪಿಗೆಯಿಲ್ಲ. ಶೂಲ ಎಂದರೆ ಚುಚ್ಚುವುದು. ಒಂದು ಬೆರಳಿಟ್ಟು "ಇಲ್ಲೇ ಚುಚ್ಚುತ್ತೆ ಡಾಕ್ಟ್ರೇ" ಎಂದು ತೋರಿಸುವ ನೋವು ಹೃದಯದ್ದಾಗಿರುವುದು ಕಡಿಮೆ. ಹೃದಯದ್ದಾದರೆ ಹೆಚ್ಚಿನವರು ಇಡೀ ಅಂಗೈ ಇಡುತ್ತಾರೆ, ಇಲ್ಲವೇ ಎದೆಯ ಮೇಲೆ ಮುಷ್ಟಿ ಕಟ್ಟುತ್ತಾರೆ. ಹಳ್ಳಿಯ ಹಿರಿಯರ ಮಾತು ಪುಸ್ತಕಕ್ಕಿಂತ ಸರಿಯಾಗಿದೆ: ಧಾರವಾಡದ ಕಡೆಯ ಅಜ್ಜಿ "ಎದಿ ಹಿಡದಂಗ ಆಗತೈತಿ" ಎನ್ನುತ್ತಾರೆ, ಮೈಸೂರಿನ ಕಡೆಯವರು "ಎದೆ ಅದುಮಿದಂಗೆ, ಕಲ್ಲು ಹೇರಿದಂಗೆ" ಎನ್ನುತ್ತಾರೆ. ಹೆಬರ್ಡನ್ ಹೇಳಿದ್ದೂ ಇದನ್ನೇ.

ತೊಂದರೆ ಆಗುವುದು ಅನುವಾದದಲ್ಲಿ. ಊರಿನಿಂದ ಬಂದ ತಾಯಿಯನ್ನು ಮಗ ಪುಣೆಯ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಡಾಕ್ಟರು "ದರ್ದ್ ಹೈ?" ಎನ್ನುತ್ತಾರೆ. ಮಗ "ನೋವಿದೆಯಾ ಅಮ್ಮ?" ಎನ್ನುತ್ತಾನೆ. "ನೋವಿಲ್ಲಪ್ಪ" ಎನ್ನುತ್ತಾರೆ ತಾಯಿ, ನಿಜವನ್ನೇ. ಕಾಗದದಲ್ಲಿ "ಎದೆನೋವು ಇಲ್ಲ" ಎಂದು ದಾಖಲಾಗುತ್ತದೆ, ಗ್ಯಾಸಿನ ಮಾತ್ರೆ ಬರುತ್ತದೆ. ಹೆಬರ್ಡನ್ ತಾವು ಕಂಡ ಸುಮಾರು ನೂರು ರೋಗಿಗಳಲ್ಲಿ ಹೆಂಗಸರು ಮೂವರೇ ಎಂದು ಬರೆದಿದ್ದಾರೆ. ಉಳಿದ ಹೆಂಗಸರು ಯಾರಿಗೂ ಹೇಳಿರಲಿಕ್ಕಿಲ್ಲ ಎಂಬುದು ನನ್ನ ಅನುಮಾನ.

ಹಾಗಾಗಿ ತಾಯಿಯನ್ನು "ನೋವಿದೆಯಾ" ಎಂದಷ್ಟೇ ಕೇಳಬೇಡಿ. "ಏನಾಗುತ್ತೆ, ಯಾವಾಗ ಆಗುತ್ತೆ, ನಿಂತರೆ ಹೋಗುತ್ತಾ" ಎಂದು ಕೇಳಿ. ಅವರ ಮಾತನ್ನು ಹಾಗೆಯೇ ದಾಟಿಸಿ. ಹಿಂದಿಯಲ್ಲಿ "ಸೀನೇ ಮೇ ಜಕಡನ್", ಮರಾಠಿಯಲ್ಲಿ "ಛಾತೀವರ್ ದಡಪಣ್", ತಮಿಳಿನಲ್ಲಿ "ನೆಂಜು ಇರುಕ್ಕಂ", ತೆಲುಗಿನಲ್ಲಿ "ಛಾತಿ ಪಟ್ಟೇಸಿನಟ್ಟು" ಎಂದರೆ ಅಲ್ಲಿನ ವೈದ್ಯರಿಗೆ ತಕ್ಷಣ ಅರ್ಥವಾಗುತ್ತದೆ. ಮಾತು ಸಿಗದಿದ್ದರೆ ತಾಯಿ ಕೈ ಇಟ್ಟ ರೀತಿಯನ್ನೇ ತೋರಿಸಿ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಹಿಸುಕೂ ಇಲ್ಲದೆ ಬರೀ ಏದುಸಿರು, ವಿಪರೀತ ಸುಸ್ತು ಬರಬಹುದು. ಅದನ್ನೂ ಹೇಳಿ.

ಕುಳಿತಿದ್ದಾಗಲೇ ಎದೆ ಹಿಡಿದು, ತಣ್ಣನೆ ಬೆವರು ಬಂದು, ಕೆಲವು ನಿಮಿಷವಾದರೂ ಬಿಡದಿದ್ದರೆ ಸೋಡಾ, ಜೀರಿಗೆ ಕಷಾಯ ಎಂದು ಬೆಳಗಿನವರೆಗೆ ಕಾಯಬೇಡಿ. 112ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ ಮೊದಲು ಇಸಿಜಿ ಮಾಡಿಸಿ. ಗ್ಯಾಸ್ ಆಗಿದ್ದರೆ ವಾಪಸ್ ಬಂದು ಕಷಾಯ ಕುಡಿಯಬಹುದು.