ಬಡರೋಗಿಗಳ ಆಸ್ಪತ್ರೆಯ ಆಯವ್ಯಯ: ದತ್ತಿ ಮತ್ತು ದರ

ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯೂ ವರ್ತಕರ ಪ್ರಮುಖ ಪಟ್ಟಣವೂ ಆಗಿದ್ದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವಿತ್ತು. ಅಲ್ಲಿ ಶಾಸ್ತ್ರಪಾಠಗಳ ಜೊತೆಗೆ ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನವೂ ಅನಾಥ ರೋಗಿಗಳಿಗೆ ಔಷಧೋಪಚಾರವೂ ದೊರೆಯುತ್ತಿದ್ದವೆಂದು ಕಲಚುರಿ ಬಿಜ್ಜಳನ ಕಾಲದ ಕ್ರಿ.ಶ. 1162ರ ಶಾಸನ ತಿಳಿಸುತ್ತದೆ. ಇಂತಹ ಮಠಗಳ ವೆಚ್ಚಕ್ಕೆ ಆಧಾರವಾಗಿದ್ದುದು ಅರಸರು ಬಿಟ್ಟ ದತ್ತಿ. ರೋಗಿಗಳ ಸಂಖ್ಯೆ ಏನೇ ಇರಲಿ, ದತ್ತಿಯ ಉತ್ಪನ್ನ ಸಂಸ್ಥೆಗೇ ಸಲ್ಲುತ್ತಿತ್ತು.

ಇಂದು ಸರ್ಕಾರಿ ಆಸ್ಪತ್ರೆಗಳಿಗೆ ಆಯವ್ಯಯದ ಅನುದಾನವಿದೆ. ಇದರೊಂದಿಗೆ 2018ರಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಒದಗಿಸಿತು. ನೋಂದಾಯಿತ ಖಾಸಗಿ ಆಸ್ಪತ್ರೆಗಳಿಗೂ ಇಲ್ಲಿ ಹಣ ಸಲ್ಲುವುದು ಪ್ರತಿ ಚಿಕಿತ್ಸೆಗೆ ನಿಗದಿಯಾದ ದರದಂತೆ, ಅದೂ ಚಿಕಿತ್ಸೆಯ ನಂತರ.

ಈ ಭೇದವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಒಬ್ಬ ರೋಗಿಯ ಚಿಕಿತ್ಸೆಗೆ ಆಸ್ಪತ್ರೆಗೆ ತಗಲುವ ವೆಚ್ಚ 10,000 ರೂ., ಯೋಜನೆಯ ದರ 9,000 ರೂ., ಸ್ವಂತ ಹಣ ಕೊಡುವವರಿಂದ ಬರುವುದು 11,000 ರೂ. ಎನ್ನೋಣ. ನೂರು ರೋಗಿಗಳಲ್ಲಿ 20 ಮಂದಿ ಯೋಜನೆಯವರಾದರೆ ಆಸ್ಪತ್ರೆಗೆ 60,000 ರೂ. ಉಳಿತಾಯ, 80 ಮಂದಿಯಾದರೆ ಅಷ್ಟೇ ಮೊತ್ತದ ನಷ್ಟ. ದರ ಒಂದೇ, ಕೆಲಸವೂ ಒಂದೇ. ಹೆಚ್ಚು ಬಡವರನ್ನು ನೋಡಿಕೊಂಡ ಆಸ್ಪತ್ರೆಯೇ ಸೊರಗುತ್ತದೆ.

ಅಮೆರಿಕದಲ್ಲಿ ಇದೇ ತೊಡಕನ್ನು ಮನಗಂಡು, ಬಡರೋಗಿಗಳ ಪ್ರಮಾಣ ಅಧಿಕವಾಗಿರುವ ಆಸ್ಪತ್ರೆಗಳ ಸ್ಥಿತಿಯನ್ನು ಪಾವತಿ ದರ ನಿಗದಿಯಲ್ಲಿ ಪರಿಗಣಿಸಬೇಕೆಂದು 1981ರ ಕಾನೂನು ರಾಜ್ಯಗಳಿಗೆ ವಿಧಿಸಿತು. ಅಲ್ಲಿ ರೋಗಿಯ ದರದ ಜೊತೆಗೆ ಆಸ್ಪತ್ರೆಗೇ ಹೆಚ್ಚುವರಿ ಹಣ ಸಲ್ಲುವ ಪದ್ಧತಿ ಬೆಳೆಯಿತು. ದತ್ತಿ ಮತ್ತು ದರ ಎರಡೂ ಇಲ್ಲಿ ಕೂಡಿವೆ.

ಎರಡಕ್ಕೂ ಮಿತಿಯುಂಟು. ಬರಿಯ ದತ್ತಿಯಿದ್ದರೆ ಸೇವೆ ಹೆಚ್ಚಿಸುವ ಪ್ರೇರಣೆ ಕುಂದಬಹುದು; ಬರಿಯ ದರವಿದ್ದರೆ ಖಾಲಿ ಹಾಸಿಗೆ, ರಾತ್ರಿ ಪಾಳಿ, ತುರ್ತು ಘಟಕಗಳ ಸ್ಥಿರ ವೆಚ್ಚಕ್ಕೆ ದಿಕ್ಕಿರುವುದಿಲ್ಲ.

ಶಿಕಾರಿಪುರ, ಸೊರಬದಂತಹ ತಾಲ್ಲೂಕುಗಳ ವರ್ತಕರಿಗೆ ಇದು ದೂರದ ವಿಷಯವಲ್ಲ. ಅಂಗಡಿ, ಗಿರಣಿಗಳ ಕೆಲಸಗಾರರು ಕಾಯಿಲೆ ಬಿದ್ದಾಗ ಹೋಗುವುದು ಇಂತಹ ಆಸ್ಪತ್ರೆಗೇ. ಅದು ಬಾಗಿಲು ಮುಚ್ಚಿದರೆ ಕೆಲಸದ ದಿನಗಳೂ ಮುಂಗಡದ ಹಣವೂ ನಷ್ಟವಾಗುತ್ತವೆ. ಆಸ್ಪತ್ರೆಗೆ ಔಷಧ, ದಿನಸಿ, ಬಟ್ಟೆಯನ್ನು ಉದ್ದರಿ ಕೊಡುವವರು ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳಿತು: ಅಲ್ಲಿ ಯೋಜನೆಯ ರೋಗಿಗಳ ಪಾಲೆಷ್ಟು? ಆ ಹಣ ಎಷ್ಟು ದಿನಗಳಲ್ಲಿ ಕೈಸೇರುತ್ತದೆ? ಆಸ್ಪತ್ರೆಗೆ ಬರಬೇಕಾದ ಬಾಕಿಯೇ ಕೊನೆಗೆ ವರ್ತಕನ ಖಾತೆಯ ಬಾಕಿಯಾಗುತ್ತದೆ.