ಫೀಸು ಕೊಡದ ಕಕ್ಷಿದಾರ

ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ಯಾನಲ್‌ಗೆ ನಿನ್ನ ಹೆಸರು ಸೇರಿದೆಯಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಮೂರು ವರ್ಷ ಸೀನಿಯರ್ ಹಿಂದೆ ಕಟ್ಟು ಹೊತ್ತು ತಿರುಗಿದವಳು ಇನ್ನು ನಿನ್ನ ಹೆಸರಿನಲ್ಲೇ ವಕಾಲತ್ತು ಹಾಕುತ್ತೀಯ. ಸಂತೋಷ ಕಣಮ್ಮ. ಬಾರ್ ರೂಮಿನಲ್ಲಿ ಇಷ್ಟು ಹೊತ್ತಿಗೆ ಯಾರಾದರೂ ಬುದ್ಧಿ ಹೇಳಿಯೇ ಇರುತ್ತಾರೆ: "ಫ್ರೀ ಕೇಸು, ತಲೆ ಕೆಡಿಸಿಕೊಳ್ಳಬೇಡ, ವಾಯಿದೆ ತಗೊಂಡು ಹೋಗ್ತಾ ಇರು, ಕೈ ಪಳಗುತ್ತೆ." ಹೇಳುವವರು ಕೆಟ್ಟವರಲ್ಲ. ಆದರೆ ಬಡವನ ಕೇಸಿನ ಮೇಲೆ ಕೈ ಪಳಗಿಸಿಕೊಳ್ಳುವುದು ನಿನ್ನ ದೊಡ್ಡಪ್ಪನಿಗೆ ಒಪ್ಪಿಗೆಯಿಲ್ಲ. ಅದಕ್ಕೇ ಈ ನಾಲ್ಕು ಮಾತು.

ಫೀಸು ಕೊಟ್ಟ ಕಕ್ಷಿದಾರನನ್ನು ನೀನು ನೋಡಿದ್ದೀಯ. ಬೆಳಗಾಗುತ್ತಲೇ ಫೋನು. ಕೋರ್ಟಿನ ಬಾಗಿಲಲ್ಲೇ ಹಿಡಿದು, "ಏನಾಯ್ತು ಸ್ವಾಮಿ, ಇವತ್ತೂ ವಾಯಿದೆಯಾ?" ಎಂದು ದಬಾಯಿಸುತ್ತಾನೆ. ಸರಿಬರದಿದ್ದರೆ ಫೈಲು ವಾಪಸ್ ಕೇಳಿ ಬೇರೆಯವರ ಹತ್ತಿರ ಹೋಗುತ್ತಾನೆ. ನಮಗೆ ಸಿಟ್ಟು ಬರುತ್ತದೆ, ನಿಜ. ಆದರೂ ನಮ್ಮಲ್ಲಿ ಅನೇಕರು ನೆಟ್ಟಗೆ ಕೆಲಸ ಮಾಡುವುದು ಆ ಕಾಟಕ್ಕೇ. ಕಾನೂನು ನೆರವಿನ ಕಕ್ಷಿದಾರ ಫೋನು ಮಾಡುವುದಿಲ್ಲ. ಬಿಟ್ಟಿ ಮಾಡಿಕೊಡ್ತಿದಾರೆ, ಹೆಂಗೆ ಕೇಳೋದು ಎಂಬ ಸಂಕೋಚ ಅವನಿಗೆ. ಹೆಸರು ಕೂಗಿದಾಗ ಕಟಕಟೆಗೆ ಬಂದು ನಿಂತವನಿಗೆ, ಎದುರಿಗಿರುವ ಕರೀ ಕೋಟುಗಳಲ್ಲಿ ತನ್ನ ವಕೀಲರು ಯಾರು ಎಂದೇ ತಿಳಿಯದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವನು ಕೊಡದ ಕಾಟವನ್ನು ನಿನಗೆ ನೀನೇ ಕೊಟ್ಟುಕೊಳ್ಳಬೇಕು. ನಾನು ಹೇಳಬೇಕೆಂದಿರುವುದು ಇದೊಂದೇ. ಮುಂದಿನದೆಲ್ಲ ಅದನ್ನು ಮಾಡುವ ಬಗೆ.

ಮೊದಲು, ಅವನು ನಿನ್ನ ಉಪಕಾರದಲ್ಲಿಲ್ಲ ಎಂಬುದು ಮನಸ್ಸಿನಲ್ಲಿರಲಿ. ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎನ್ನುವ 39ಎ ವಿಧಿ 1976ರಲ್ಲೇ ಸಂವಿಧಾನಕ್ಕೆ ಸೇರಿತು. ಆದರೆ ಪುಸ್ತಕದ ಮಾತು ಜೈಲಿನ ಗೋಡೆ ದಾಟಲು ಹೊತ್ತು ಹಿಡಿಯಿತು. ಬಿಹಾರದ ಜೈಲುಗಳಲ್ಲಿ ಸಣ್ಣಪುಟ್ಟ ಆರೋಪಕ್ಕೆ ಸಿಕ್ಕಿಬಿದ್ದವರು, ಅಪರಾಧ ಸಾಬೀತಾಗಿದ್ದರೂ ಆಗುತ್ತಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದರು. ಪೊಲೀಸ್ ಅಧಿಕಾರಿಯಾಗಿದ್ದ ಕೆ. ಎಫ್. ರುಸ್ತಂಜಿ ಅದನ್ನು ಪತ್ರಿಕೆಯಲ್ಲಿ ಬರೆದರು. ಓದಿದ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. 1979ರ ಹುಸೈನಾರಾ ಖಾತೂನ್ ತೀರ್ಪುಗಳು ಬಂದದ್ದು ಹಾಗೆ. ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವುದು 21ನೇ ವಿಧಿಯೊಳಗಿನ ಹಕ್ಕು ಎಂದು ನ್ಯಾಯಮೂರ್ತಿ ಭಗವತಿ ಬರೆದರು. ಗಮನಿಸು, ಆ ಜೈಲಿನೊಳಗಿನವರಲ್ಲಿ ಒಬ್ಬರಿಗೂ ಅರ್ಜಿ ಹಾಕಲು ಆಗಿರಲಿಲ್ಲ. ಕೇಳಲಾರದವನ ಪರವಾಗಿ ಇನ್ನೊಬ್ಬರು ಕೇಳಿದ್ದರಿಂದ ಹುಟ್ಟಿದ ಹಕ್ಕು ಇದು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಆಮೇಲೆ 1987ರಲ್ಲಿ ಬಂತು, ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ. ಎಂಟು ವರ್ಷ ಏಕೆ ಬೇಕಾಯಿತೆಂದು ಕೇಳಬೇಡ, ದೆಹಲಿಯ ಕೆಲಸ.

ನೆರವು ಯಾರಿಗೆ ಸಲ್ಲುತ್ತದೆ ಎಂಬ 12ನೇ ಕಲಮನ್ನು ಬಾಯಿಪಾಠ ಮಾಡಿಕೊ. ಆದಾಯದ ಮಿತಿ ಎಲ್ಲರಿಗೂ ಅನ್ವಯಿಸುವುದಿಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ನೆರೆ ಬರಗಳಿಗೆ ಸಿಕ್ಕವರು ಇವರನ್ನೆಲ್ಲ ಆದಾಯ ಎಷ್ಟು ಎಂದು ಕೇಳುವ ಹಾಗೇ ಇಲ್ಲ. ಗಂಡ ಬಿಟ್ಟ ಹೆಣ್ಣುಮಗಳನ್ನು "ಹೋಗಿ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಾ" ಎಂದು ಯಾರಾದರೂ ವಾಪಸ್ ಕಳಿಸುತ್ತಿದ್ದರೆ ನೀನು ಎದ್ದು ಹೋಗಿ ತಡೆ. ಆದಾಯದ ಲೆಕ್ಕ ಬೇಕಾದವರಿಗೂ ಸ್ವಂತ ಅಫಿಡವಿಟ್ ಸಾಕೆಂದು ಪರಿಗಣಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಊರಿಗೆ ಹೋದಾಗ 15100 ಎಂಬ ಸಹಾಯವಾಣಿಯ ಸಂಖ್ಯೆಯನ್ನು ನಾಲ್ಕು ಜನಕ್ಕೆ ಹೇಳು. ಎಷ್ಟೋ ವಿದ್ಯಾವಂತರಿಗೂ ಅದು ಗೊತ್ತಿಲ್ಲ.

ಗೊತ್ತಿಲ್ಲದವನು ಕೇಳುವುದೂ ಇಲ್ಲ. ಅರುಣಾಚಲದ ಸುಕ್ ದಾಸ್ ಎಂಬಾತ ವಕೀಲರಿಲ್ಲದೆ ತನ್ನ ಕೇಸು ತಾನೇ ನಡೆಸಿ ಎರಡು ವರ್ಷದ ಶಿಕ್ಷೆಗೆ ಗುರಿಯಾದ. ಅವನು ವಕೀಲರು ಬೇಕೆಂದು ಅರ್ಜಿ ಕೊಟ್ಟಿರಲಿಲ್ಲವಲ್ಲ, ಆದ್ದರಿಂದ ವಿಚಾರಣೆಯಲ್ಲಿ ದೋಷವಿಲ್ಲ ಎಂದಿತು ಹೈಕೋರ್ಟು. 1986ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನೇ ರದ್ದುಮಾಡಿತು. ಹಕ್ಕಿದೆಯೆಂದು ತಿಳಿಸಬೇಕಾದದ್ದು ನ್ಯಾಯಾಲಯ, ಕೇಳಲಿಲ್ಲವೆಂಬುದು ಉತ್ತರವಾಗದು ಎಂದು. ನೀನೂ ಹಾಗೆಯೇ ನಡೆದುಕೊ. ಕಕ್ಷಿದಾರ ಕೇಳದ ಪ್ರಶ್ನೆಗೂ ಉತ್ತರ ಹೇಳು. ಇವತ್ತು ಕೋರ್ಟಿನಲ್ಲಿ ಏನಾಯಿತು, ಮುಂದಿನ ತಾರೀಖು ಯಾವುದು, ಅವತ್ತು ಅವನು ಬರಲೇಬೇಕೋ ಬೇಡವೋ, ಇಷ್ಟನ್ನಾದರೂ ಅವನ ಭಾಷೆಯಲ್ಲಿ ಹೇಳು. ನಿನ್ನ ನಂಬರು ಅವನ ಹೆಂಡತಿಯ ಹತ್ತಿರವೂ ಇರಲಿ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಬೈದುಕೊಂಡಾದರೂ ಎತ್ತು.

ಆರೋಪಿ ಜೈಲಿನಲ್ಲಿದ್ದರೆ ಜೈಲಿಗೆ ಹೋಗು. ಕೋರ್ಟಿಗೆ ಕರೆತಂದ ದಿನ ಪೊಲೀಸರ ಪಕ್ಕದಲ್ಲಿ ನಿಂತು ಐದು ನಿಮಿಷ ಮಾತನಾಡಿದ್ದು ಲೆಕ್ಕಕ್ಕಿಲ್ಲ. ಹೋದಾಗ ಅವನು ಒಳಗಿರುವ ದಿನಗಳನ್ನು ಎಣಿಸು. ಮರಣದಂಡನೆ, ಜೀವಾವಧಿಯ ಅಪರಾಧಗಳನ್ನು ಬಿಟ್ಟರೆ, ಗರಿಷ್ಠ ಶಿಕ್ಷೆಯ ಅರ್ಧ ಅವಧಿ ವಿಚಾರಣೆಯಲ್ಲೇ ಕಳೆದವನಿಗೆ ಜಾಮೀನು ಸಿಗಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಲ್ಲಿ, ಮೊದಲ ಬಾರಿಯ ಆರೋಪಿಗಾದರೆ ಮೂರನೇ ಒಂದು ಭಾಗ ಸಾಕು. ಬೇರೆ ಕೇಸುಗಳೂ ಬಾಕಿಯಿದ್ದರೆ ಮಾತ್ರ ಲೆಕ್ಕ ಬೇರೆ. ಜಾಮೀನು ಆದೇಶವಾದ ಮಾತ್ರಕ್ಕೆ ನಿನ್ನ ಕೆಲಸ ಮುಗಿಯಿತೆಂದುಕೊಳ್ಳಬೇಡ. ಪಹಣಿ ಹಿಡಿದುಕೊಂಡು ಶ್ಯೂರಿಟಿ ನಿಲ್ಲಲು ಕೂಲಿಯವನಿಗೆ ಯಾರು ಸಿಗುತ್ತಾರೆ? ಆದೇಶವಾಗಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅವರು ತಿಳಿಸಲೆಂದು ಕಾಯುತ್ತ ಕೂರದೆ ಷರತ್ತು ಸಡಿಲಿಸಲು ನೀನೇ ಅರ್ಜಿ ಹಾಕು.

ಕಟ್ಟು ಓದಲು ಸಮಯ ಕೇಳುವುದಕ್ಕೆ ಅಂಜಬೇಡ. ಮಧ್ಯಪ್ರದೇಶದ ಖಂಡ್ವಾದಲ್ಲಿ 2013ರಲ್ಲಿ ಒಂದು ಘೋರ ಪ್ರಕರಣ, ಮಗುವಿನ ಮೇಲೆ ಅತ್ಯಾಚಾರ ಮತ್ತು ಕೊಲೆ. ಆರೋಪಿಗೆ ಕಾನೂನು ನೆರವಿನ ವಕೀಲರನ್ನು ಕೊಟ್ಟ ದಿನವೇ ದೋಷಾರೋಪಣೆ ಹೊರಿಸಲಾಯಿತು. ಎರಡು ವಾರದೊಳಗೆ ವಿಚಾರಣೆ ಮುಗಿದು ಗಲ್ಲುಶಿಕ್ಷೆಯೂ ಆಯಿತು. ಊರೆಲ್ಲ ಆ ವೇಗವನ್ನು ಮೆಚ್ಚಿರಬೇಕು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ಹೊಸದಾಗಿ ವಿಚಾರಣೆ ನಡೆಸಲು ಹೇಳಿತು. ಗಲ್ಲು ಅಥವಾ ಜೀವಾವಧಿ ಸಾಧ್ಯವಿರುವ ಪ್ರಕರಣಗಳಲ್ಲಿ ಕನಿಷ್ಠ ಹತ್ತು ವರ್ಷ ಅನುಭವವಿರುವ ವಕೀಲರನ್ನೇ ಪರಿಗಣಿಸಬೇಕು, ತಯಾರಿಗೆ ಸಾಮಾನ್ಯವಾಗಿ ಏಳು ದಿನವಾದರೂ ಕೊಡಬೇಕು ಎಂದು ವಿಧಿಸಿತು. ಅನೋಖಿಲಾಲ್ ತೀರ್ಪು ಎಂದು ಹುಡುಕಿ ಓದು. ಆ ಮನುಷ್ಯ 2024ರಲ್ಲಿ ಖುಲಾಸೆಯಾದ. ಅಷ್ಟು ದೊಡ್ಡ ಕೇಸನ್ನು ಈಗಲೇ ನಿನಗೆ ಯಾರೂ ಕೊಡುವುದಿಲ್ಲ, ಕೊಟ್ಟರೂ ಒಪ್ಪಿಕೊಳ್ಳಬೇಡ. ಸಣ್ಣ ಕಳವಿನ ಕೇಸಿನಲ್ಲೂ ಮಾತ್ರ, ಚಾರ್ಜ್‌ಶೀಟ್ ಪೂರ್ತಿ ಓದದೆ "ಪಾಟೀಸವಾಲು ಇಲ್ಲ" ಎಂದು ಬರೆಸುವ ಚಾಳಿ ಕಲಿಯಬೇಡ. ಆ ಒಂದು ಸಾಲನ್ನು ಮೇಲಿನ ಕೋರ್ಟಿನಲ್ಲಿ ಅಳಿಸುವುದು ಬಹಳ ಕಷ್ಟ.

ಇನ್ನು ದುಡ್ಡಿನ ವಿಷಯ. ಪ್ಯಾನಲ್ ವಕೀಲರಿಗೆ ಸಿಗುವ ಸಂಭಾವನೆ ಕಡಿಮೆ, ಬಿಲ್ಲು ಪಾಸಾಗುವುದು ನಿಧಾನ. ಇದನ್ನು ಮುಚ್ಚಿಟ್ಟು ನಿನಗೆ ಸೇವಾಮನೋಭಾವದ ಉಪದೇಶ ಮಾಡಲಾರೆ. ವಕೀಲರಿಗೆ ಹೊಟ್ಟೆಯಿಲ್ಲವೆಂದು ತಿಳಿದು ನಡೆಸುವ ಯಾವ ವ್ಯವಸ್ಥೆಯೂ ಉದ್ಧಾರವಾಗುವುದಿಲ್ಲ. 2022ರಿಂದೀಚೆಗೆ ಜಿಲ್ಲೆಗಳಲ್ಲಿ ಪೂರ್ಣಾವಧಿ ಸಂಬಳದ ಡಿಫೆನ್ಸ್ ಕೌನ್ಸೆಲ್‌ಗಳನ್ನು ನೇಮಿಸುತ್ತಿರುವುದು ನನಗೆ ಸರಿಯಾದ ದಾರಿಯೆಂದು ಕಾಣುತ್ತದೆ. ನಮ್ಮ ಬಾರ್‌ನ ಹಿರಿಯರು ಕೆಲವರು ಗೊಣಗಿದರೂ ನನ್ನ ಅಭಿಪ್ರಾಯ ಅದೇ. ಕೇಸು ಕಡಿಮೆ ತೆಗೆದುಕೊ, ಸಂಭಾವನೆ ಹೆಚ್ಚಿಸಿ ಎಂದು ಮನವಿ ಕೊಡು. ಆದರೆ ಕಕ್ಷಿದಾರನಿಂದ ಜೆರಾಕ್ಸಿಗೆಂದು, ಗುಮಾಸ್ತನಿಗೆಂದು ನೂರು ರೂಪಾಯಿಯನ್ನೂ ಮುಟ್ಟಬೇಡ. ನಿಯಮ ಸ್ಪಷ್ಟವಾಗಿ ಬೇಡವೆನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ಮರಿ ಮಾರಿ ತಂದ ನೂರು ಅದು. ಗೆದ್ದಮೇಲೆ ಹೊಲದ ಅವರೆಕಾಯಿ ತಂದುಕೊಟ್ಟರೆ ಏನು ಮಾಡಬೇಕೆಂದು ನಿನ್ನ ಆತ್ಮಸಾಕ್ಷಿಯನ್ನು ಕೇಳಿಕೊ. ನಿಮ್ಮ ದೊಡ್ಡಮ್ಮನನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ.

ಲೋಕ ಅದಾಲತ್ ದಿನ ಸ್ವಲ್ಪ ಎಚ್ಚರ. ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸ್ ಬರುತ್ತದೆ, ವರ್ಷಗಳ ಅಲೆದಾಟ ತಪ್ಪುತ್ತದೆ, ಎಲ್ಲ ಒಳ್ಳೆಯದೇ. ಆದರೆ ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಇತ್ಯರ್ಥವಾದ ಕೇಸುಗಳ ಸಂಖ್ಯೆ ಏರಲೆಂದು ಎಲ್ಲರೂ ಅವಸರದಲ್ಲಿರುವಾಗ, ಜೀವನಾಂಶದ ಮೊತ್ತಕ್ಕೆ ತಲೆಯಾಡಿಸುತ್ತಿರುವ ಹೆಣ್ಣುಮಗಳನ್ನು ಪಕ್ಕಕ್ಕೆ ಕರೆದು ಕೂರಿಸು. ಅಕ್ಕಿ, ಬಾಡಿಗೆ, ಮಕ್ಕಳ ಫೀಸು ಕೂಡಿಸಿ ತಿಂಗಳಿಗೆ ಎಷ್ಟಾಗುತ್ತದೆಂದು ಅವಳ ಬಾಯಲ್ಲೇ ಲೆಕ್ಕ ಹಾಕಿಸು. ಆಮೇಲೂ ಒಪ್ಪಿದರೆ ಸಹಿ ಮಾಡಲಿ.

ಕೇಸು ಸೋಲುವುದೂ ಉಂಟು. ಸೋತ ದಿನ ಫೀಸು ಕೊಟ್ಟವನು ನಿನ್ನ ಎದುರು ಕೂತು ಮುಂದೇನು ಎನ್ನುತ್ತಾನೆ, ಇವನು ಪೊಲೀಸರ ಜೊತೆ ವ್ಯಾನು ಹತ್ತುತ್ತಾನೆ. ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷೆಯ ಮೇಲೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು ಮೂವತ್ತು ದಿನ, ಹೈಕೋರ್ಟಿಗಾದರೆ ಸಾಮಾನ್ಯವಾಗಿ ಅರವತ್ತು. ಅಲ್ಲೂ ಅವನಿಗೆ ಉಚಿತ ವಕೀಲರುಂಟು, ಹೈಕೋರ್ಟಿಗೆ ಬೇರೆಯೇ ಸಮಿತಿಯಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನಕಲಿ ಮೊಹರು ಮಾಡಿಸಲು ಹೋಗಿ ಸಿಕ್ಕಿಬಿದ್ದ ಅಧ್ಯಾಪಕನೊಬ್ಬನ ಕೇಸಿದೆ, ಎಂ. ಎಚ್. ಹೊಸ್ಕೋಟ್ ಪ್ರಕರಣ. ಬಾಂಬೆ ಹೈಕೋರ್ಟು ತೀರ್ಪು ಕೊಟ್ಟದ್ದು 1973ರಲ್ಲಿ. ಅವನು ಸುಪ್ರೀಂ ಕೋರ್ಟಿಗೆ ಬಂದದ್ದು ನಾಲ್ಕು ವರ್ಷ ಕಳೆದಮೇಲೆ. ತೀರ್ಪಿನ ನಕಲು ಯೆರವಡಾ ಜೈಲಿಗೆ ಹೋಗಿತ್ತು, ಆದರೆ ತನ್ನ ಕೈಗೆ ಬರಲೇ ಇಲ್ಲ ಎಂದ. ಅವನಿಗೆ ತಲುಪಿತೆನ್ನಲು ಅವನ ಸಹಿಯಿದ್ದ ಒಂದು ಚೀಟಿಯೂ ಇರಲಿಲ್ಲ. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನ ಅರ್ಜಿಯನ್ನೇನೋ ವಜಾ ಮಾಡಿದರು. ಆದರೆ ಶಿಕ್ಷೆಗೊಳಗಾದವನಿಗೆ ತೀರ್ಪಿನ ನಕಲನ್ನು ಉಚಿತವಾಗಿ, ಬೇಗ ಕೊಡಬೇಕು, ಕೊಟ್ಟದ್ದಕ್ಕೆ ಬರಹದಲ್ಲಿ ಸ್ವೀಕೃತಿ ಪಡೆಯಬೇಕು, ಮೇಲ್ಮನವಿಗೆ ವಕೀಲರಿಲ್ಲದವನಿಗೆ ವಕೀಲರನ್ನು ಕೊಡಬೇಕು ಎಂದು ಅದೇ ತೀರ್ಪಿನಲ್ಲಿ ಬರೆದರು. ನೀನೂ ತೀರ್ಪಿನ ದಿನವೇ ನಕಲು ಕೈಗೆ ಬಂತೇ ನೋಡು, ಒಂದು ಪ್ರತಿಯನ್ನು ಅವನ ಮನೆಯವರಿಗೆ ಕೊಡು. ಮೇಲ್ಮನವಿಯ ಕೊನೆಯ ದಿನಾಂಕವನ್ನು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆ. ತಗೊಂಡದ್ದಕ್ಕೆ ಸಹಿ ಮಾಡಿಸಿಕೊ. ಹೆಬ್ಬೆಟ್ಟಾದರೂ ಸರಿ, ಪಕ್ಕದಲ್ಲಿ ತಾರೀಖು ಹಾಕಿಸು.